ಬಲಗಡೆಯ ಜಾಯಿಂಟು

ತಾಜ್ ಪಾಷಾ ಹೊಡೆದ ಸುತ್ತಿಗೆಯ ಏಟಿಗೆ ಕೈಲಾಂಚದ ಕಾಗೆಗಳೆಲ್ಲ ಎದ್ದು ರಾಮನಗರದ ಬೆಟ್ಟಗಳ ಕಡೆ ಹಾರಿದವು. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಮಾತ್ರ ಅಲುಗಲಿಲ್ಲ. ಹಳೇ ಓಮ್ನಿ ಕಾರು ಅಂಗಳದಲ್ಲಿ ಜಾಕಿನ ಮೇಲೆ ನಿಂತಿತ್ತು. ಬಲಗಡೆಯ ಮುಂದಿನ ಚಕ್ರ ಪಕ್ಕದಲ್ಲಿ ಮಲಗಿತ್ತು. ಕಾರಿನ ಒಡೆಯ ರಾಮಲಿಂಗಯ್ಯನ ಹೆಣವನ್ನು ಎದುರಿನ ಜಗಲಿಯ ಮೇಲೆ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರು ಅವನಿಗೆ ಕೈಮುಗಿದು, ಕಾರಿನ ಕೆಳಗೊಮ್ಮೆ ಬಗ್ಗಿ ನೋಡಿ, ಆಮೇಲೆ ಅಳುತ್ತಿದ್ದರು.

"ಇವ್ನ ಎದುರ್ಗೆ ಕೆಲ್ಸ ಮಾಡೋದೇ ಕಷ್ಟ ಕಣ್ಲಾ," ಎಂದ ಪಾಷಾ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು, ಸತ್ತವನ ಹಳೇ ಗೆಳೆಯ. "ಈಗ್ಲೂ ಎದ್ದು 'ಹಂಗಲ್ಲ, ಹಿಂಗೆ' ಅಂದ್ಬುಡ್ತಾನೆ ಅನ್ನಿಸ್ತೈತೆ."

"ಹೊತ್ತು ಮುಳುಗೋಕ್ ಮುಂಚೆ ಮಣ್ಣು ಮಾಡ್ಬೇಕು," ಎಂದ ರಾಮಲಿಂಗಯ್ಯನ ತಮ್ಮ ಅನಂತರಾಜು. "ರಾಮನಗರದಿಂದ ಬಾಡಿಗೆ ಗಾಡಿ ಹೇಳ್ತೀನಿ. ಈ ಡಬ್ಬ ಬುಟ್ಬುಡು."

ಹೆಣದ ಪಕ್ಕ ಕೂತಿದ್ದ ಹೆಂಡತಿ ಸಿದ್ದಮ್ಮ ತಲೆ ಎತ್ತದೆ ಹೇಳಿದಳು: "ಸತ್ರೂ ನನ್ನ ಕಾರಲ್ಲೇ ಹೋಗೋದು ಅಂದಿದ್ರು. ಬಾಡಿಗೆ ಗಾಡೀಲಿ ನಾನು ಕಳ್ಸಾಕಿಲ್ಲ."

\*

ಜಾಯಿಂಟು ಸವೆದಾಗ ಆ ಕಾರು ಮಾಡುವ ಲಟಲಟ ಸದ್ದು ಮೂರು ಲೋಕಕ್ಕೂ ಗೊತ್ತಿತ್ತು. ಅದು ಮಾಗಡಿ ಬಿಡುವಾಗಲೇ ಕೈಲಾಂಚದಲ್ಲಿ ಸಿದ್ದಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಅದರ ಸದ್ದಿಗೆ ಬೆಚ್ಚಿದ ಮರಳವಾಡಿಯ ಎಮ್ಮೆಯೊಂದು ವಾರದ ಹಾಲನ್ನೆಲ್ಲ ಒಂದೇ ಸಲ ಸುರಿಸಿಬಿಟ್ಟಿತಂತೆ. ಪಕ್ಕದ ಹೊಲದ ನರಸಯ್ಯನಂತೂ ಕಳೆ ಕೀಳುತ್ತ ಬಗ್ಗಿದವನು ಬೆನ್ನೆತ್ತದೆಯೇ "ರಾಮಲಿಂಗಣ್ಣ ಬಂದ" ಎನ್ನುತ್ತಿದ್ದ.

ಸವೆದ ಜಾಯಿಂಟು ಬದಲಿಸುವ ದಿನ ರಾಮಲಿಂಗಯ್ಯ ಅಂಗಳಕ್ಕೆ ಮಹಾರಾಜ. "ಚಕ್ರಕ್ಕೆ ಇದು ಸೊಂಟದ ಕೀಲು ಕಣ್ಲಾ. ಕಾರು ಮಾಡ್ದೋರೂ ನನ್ನ ಕೇಳ್ಕಂಡೇ ಮುಟ್ಬೇಕು," ಎಂದು ನೋಡಲು ಬಂದವರಿಗೆಲ್ಲ ಸಾರುತ್ತಿದ್ದ. ಅವರು ಚದುರಿದ ಮೇಲೆ ಮಾತ್ರ ದನಿ ಇಳಿಸಿ ಕರೆಯುತ್ತಿದ್ದ: "ಸಿದ್ದಿ, ಒಸಿ ಬಾ."

ನಟ್ಟು ಕಳಚಿಕೊಳ್ಳದಂತೆ ಅಡ್ಡ ತೂರಿಸಿ ಮಡಚುವ ಪಿನ್ನು ಒಂದಿತ್ತು. ಬಾಳೆಹಣ್ಣಿನಂಥ ಅವನ ಬೆರಳಿಗೆ ಅದು ಯಾವ ಜನ್ಮದಲ್ಲೂ ಒಲಿಯಲಿಲ್ಲ. ರೇಷ್ಮೆ ಹುಳುವನ್ನು ನೋಯಿಸದೆ ಎತ್ತಿ ಪಳಗಿದ ಸಿದ್ದಮ್ಮನ ಬೆರಳು ಅದನ್ನು ಕತ್ತಲಲ್ಲೇ ತೂರಿಸಿ, ಅದರ ತುದಿ ಬಗ್ಗಿಸಿ ಬರುತ್ತಿತ್ತು. ಅವಳು "ಹ್ಞೂಂ" ಎನ್ನುವವರೆಗೆ ಅವನು ಕಾರು ಹತ್ತುತ್ತಿರಲಿಲ್ಲ. ಹತ್ತಿ ಬೀದಿಗೆ ಬಂದನೋ, "ಎಲ್ಲಾ ನಾನೊಬ್ನೇ ಮಾಡ್ದೆ" ಎನ್ನುತ್ತಿದ್ದ. ಅವಳು ಸೆರಗಿಗೆ ಗ್ರೀಸು ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ನಿನ್ನೆ ಎಡಗಡೆಯದು ಮುಗಿಸಿ, ಬಲಗಡೆಯ ಚಕ್ರ ಬಿಚ್ಚಿಟ್ಟು, "ಮಿಕ್ಕಿದ್ದು ನಾಳೆ" ಎಂದು ಜಗಲಿಗೆ ಒರಗಿದವನು ಏಳಲಿಲ್ಲ.

\*

"ಅದರ ತಲೆ ಮ್ಯಾಲೆ ಹೊಡೀಬ್ಯಾಡಿ ಪಾಷಣ್ಣ," ಎಂದಳು ಸಿದ್ದಮ್ಮ. "ಅದು ಕಚ್ಕಂಡಿರೋ ಕಬ್ಬಿಣಕ್ಕೆ ಪಕ್ಕದಿಂದ ಕೊಡಿ."

ಪಾಷಾ ಪಕ್ಕದಿಂದ ಕೊಟ್ಟ. ಹಳೆಯ ಜಾಯಿಂಟು ಟಣ್ಣನೆ ಕೆಳಗೆ ಬಿತ್ತು. ಹೊಸದು ಕೂತಿತು, ನಟ್ಟು ಬಿಗಿಯಿತು. ಪಿನ್ನು ಮಾತ್ರ ಅವನ ಕೈಯಿಂದ ಜಾರಿತು, ಅನಂತರಾಜುವಿನ ಕೈಯಿಂದಲೂ ಜಾರಿತು. ಊರಿನ ಗಂಡಸರೆಲ್ಲ ಮಂಡಿಯೂರಿ ಅಂಗಳದ ಮಣ್ಣು ಜರಡಿ ಹಿಡಿದರು. ಪಿನ್ನು ಸಿಗುವ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು.

"ಹೊಲದ ಗಂಟ ತಾನೇ? ಪಿನ್ನಿಲ್ದಿದ್ರೂ ಓಡ್ತದೆ," ಎಂದ ಅನಂತರಾಜು.

ಸಿದ್ದಮ್ಮ ಎದ್ದಳು. "ಹೆಣದ ಪಕ್ಕ ಬುಟ್ಟು ಏಳ್ಬಾರ್ದು ಕಣಮ್ಮಿ," ಎಂದು ಮುದುಕಿಯೊಬ್ಬಳು ಸೆರಗು ಹಿಡಿದಳು.

"ಇದ ಹಾಕ್ದೆ ಅವ್ರು ಹತ್ತಾಕಿಲ್ಲ ಅತ್ತೆ."

ಅವಳು ಕಾರಿನ ಪಕ್ಕ ಕೂತು ಮೊಣಕೈವರೆಗೆ ಕೈ ತೂರಿಸಿದಳು. ಒಳಗೆಲ್ಲೋ ಗಾಜಿನ ಬಳೆ ಕಬ್ಬಿಣಕ್ಕೆ ತಾಗಿತು. ಕೈ ಹೊರಗೆ ತೆಗೆದು, "ಹ್ಞೂಂ," ಎಂದಳು.

ಪಾಷಾ ಅವಳ ಬೆರಳು ನೋಡಿದ. ಜಗಲಿಯ ಕಡೆ ತಿರುಗಿ ನೋಡಿದ. "ಎಲ್ಲಾ ನಾನೊಬ್ನೇ ಅಂತಿದ್ದಲ್ಲೋ, ಬಡ್ಡೀಮಗ್ನೆ," ಎಂದು ಮೆತ್ತಗೆ ಬೈದು, ಚಕ್ರ ಎತ್ತಿಕೊಂಡ.

\*

ಹೊಲದಲ್ಲಿ ಗುಂಡಿ ತೋಡಿ ಮುಗಿಸಿದ ನರಸಯ್ಯ ರಸ್ತೆಯ ಕಡೆ ಕಿವಿಯಿಟ್ಟ. ಲಟಲಟ ಕೇಳಿಸಲಿಲ್ಲ. ಇನ್ನೂ ಹೊರಟಿಲ್ಲವೆಂದುಕೊಂಡು, ಮಣ್ಣಿನ ಗುಡ್ಡೆಯ ಮೇಲೆ ಕೂತು ಬೀಡಿ ಹಚ್ಚಿದ. ಅರ್ಧ ಸೇದಿ ಸುಮ್ಮನೆ ತಿರುಗಿದರೆ, ಕಾರು ಬೆನ್ನ ಹಿಂದೆಯೇ ಬಂದು ನಿಂತಿತ್ತು. ಸ್ಟೇರಿಂಗ್ ಹಿಡಿದ ಪಾಷಾನ ಪಕ್ಕದಲ್ಲಿ ಸಿದ್ದಮ್ಮ ಕೂತಿದ್ದಳು, ಗ್ರೀಸು ಹತ್ತಿದ ಬೆರಳುಗಳನ್ನು ಒರೆಸಿಕೊಳ್ಳದೆ ಮಡಿಲಲ್ಲಿಟ್ಟುಕೊಂಡು.