ಜೈಲಿನಲ್ಲಿ ಭದ್ರವಾಗಿಟ್ಟ ದುಡ್ಡು

ನಮ್ಮ ಮನೆಯವರು ಒಬ್ಬರನ್ನೊಬ್ಬರು ನಂಬೋ ಜನ ಅಲ್ಲ. ಗೋದಾಮಿನ ಕಳ್ಳತನದಲ್ಲಿ ನನ್ನ ತಮ್ಮನನ್ನು ಪೊಲೀಸರು ಸಿಕ್ಕಿಸಿ, ಕೋರ್ಟು ಏಳು ವರ್ಷ ಜೈಲು ಹಾಕಿದ ಮೇಲೆ, ಅಪೀಲಿನ ಫೀಸಿಗೆ ಅಂತ ಎಲ್ಲರೂ ಅಷ್ಟಿಷ್ಟು ಕೈ ಬಿಚ್ಚಿದರು. ಅದನ್ನು ಯಾರ ಹತ್ತಿರ ಇಡೋದು ಅನ್ನೋದಕ್ಕೇ ರಂಪ. ನನ್ನ ಗಂಡನ ಕೈಗೆ ಬೇಡವೇ ಬೇಡ ಅಂತ ದೊಡ್ಡಪ್ಪ. ದೊಡ್ಡಪ್ಪನಿಗೆ ಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯುತ್ತೆ ಅಂತ ನನ್ನ ಗಂಡ. ಕೊನೆಗೆ ಚಿಕ್ಕಮ್ಮ ಬಾಯಿಬಿಟ್ಟಳು. "ಕೈದಿಗಳ ಖರ್ಚಿಗೆ ಅಂತ ಜೈಲಲ್ಲಿ ಖಾತೆ ಇರುತ್ತಲ್ಲ, ಅವನ ಖಾತೆಗೇ ಹಾಕಿಬಿಡಿ. ಜೈಲಿಗಿಂತ ಭದ್ರ ಜಾಗ ಎಲ್ಲಿದೆ?" ಕೋಲೆಬಸವನ ಹಾಗೆ ನಾನೂ ತಲೆಯಾಡಿಸಿದೆ.

ಸೇರಿಸಿದ್ದು ಅರ್ಧ ಫೀಸಿಗೂ ಸಾಲಲಿಲ್ಲ. "ಬಡ ಕೈದಿಗೆ ಕೋರ್ಟ್ ಫೀ ಮಾಫಿ ಇದೆ, ಅರ್ಜಿ ಹಾಕಿ" ಅಂದರು ವಕೀಲಮ್ಮ. ಹಾಕಿದೆವು. ಅಪೀಲಿನ ಗಡುವು ಮುಗಿಯೋ ದಿನ ಕೋರ್ಟಿನ ಗುಮಾಸ್ತ ಆ ಅರ್ಜಿಯನ್ನು ಕಿಟಕಿಯಿಂದ ನನ್ನ ಕಡೆ ತಳ್ಳಿದ.

"ನಿಮ್ಮ ತಮ್ಮ ಬಡವ ಅಲ್ಲ."

"ಏನಂದ್ರಿ?"

"ಜೈಲಿಂದ ಲೆಕ್ಕ ಬಂದಿದೆ. ಇಷ್ಟು ದುಡ್ಡಿಟ್ಟುಕೊಂಡು ಮಾಫಿ ಕೇಳೋಕೆ ನಾಚಿಕೆ ಆಗಲ್ವಾ?"

"ಅದು ಅವನದಲ್ಲ ಸ್ವಾಮಿ, ನಮ್ಮದು."

"ಹೆಸರು ಅವನದೇ ತಾನೆ? ಸಾಯಂಕಾಲದೊಳಗೆ ಫೀಸು ಕಟ್ಟಿ, ಇಲ್ಲಾಂದ್ರೆ ಅಪೀಲು ಮರೆತುಬಿಡಿ."

ಹೇಳುತ್ತಲೇ ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು.

ಇರೋದನ್ನಾದರೂ ಬಿಡಿಸಿಕೊಂಡು, ಉಳಿದದ್ದಕ್ಕೆ ಯಾರದಾದರೂ ಕೈಕಾಲು ಹಿಡಿಯೋಣ ಅಂತ ಜೈಲಿಗೆ ಓಡಿದೆ. ಅಲ್ಲಿನ ಅಧಿಕಾರಿ ತಲೆ ಎತ್ತಿ ನೋಡಲೂ ಇಲ್ಲ.

"ಇದೇನು ಬ್ಯಾಂಕೇನಮ್ಮ? ಒಳಗೆ ಬಂದ ದುಡ್ಡು ಕ್ಯಾಂಟೀನಿಗೆ ಮಾತ್ರ. ಉಳಿದದ್ದು ಬಿಡುಗಡೆ ದಿನ ಸಿಗುತ್ತೆ."

ಅತ್ತ ದರಿ ಇತ್ತ ಪುಲಿ. ಎಲ್ಲರಿಗೂ ಫೋನ್ ಹಚ್ಚಿದೆ. ಚಿಕ್ಕಮ್ಮನದೇ ತಪ್ಪು ಅಂದ ನನ್ನ ಗಂಡ. ನಿನ್ನ ಗಂಡ ಯೋಗ್ಯನಾಗಿದ್ದರೆ ಈ ಗತಿ ಯಾಕೆ ಬರುತ್ತಿತ್ತು ಅಂದಳು ಚಿಕ್ಕಮ್ಮ. ದೊಡ್ಡಪ್ಪ ಫೋನನ್ನೇ ಎತ್ತಲಿಲ್ಲ. ಇವರ ಜಗಳ ಮುಗಿಯೋ ಹೊತ್ತಿಗೆ ಕೋರ್ಟಿನ ಬಾಗಿಲು ಹಾಕಿತ್ತು.

ಮಾರನೇ ದಿನ ಭೇಟಿಯ ಕಿಟಕಿಯಲ್ಲಿ ತಮ್ಮನಿಗೆ ಎಲ್ಲ ಹೇಳಿದೆ. ಗುಮಾಸ್ತನಿಂದ ಹಿಡಿದು ದೊಡ್ಡಪ್ಪನವರೆಗೆ ಒಬ್ಬರನ್ನೂ ಬಿಡದೆ ಉಗಿದೆ. ಅವನು ಕೇಳುತ್ತಲೇ ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ಕುತ್ತಿಗೆ ತುಂಬ ಕಜ್ಜಿ, ಕೆರೆದು ಕೆರೆದು ರಕ್ತ ಒಸರುತ್ತಿತ್ತು.

"ಏನೋ ಅದು?"

"ಎಲ್ಲರಿಗೂ ಆಗಿದೆ. ಸೋಪಿಲ್ಲ."

"ಕ್ಯಾಂಟೀನಲ್ಲಿ ಸಿಗಲ್ವೇನೋ?"

"ಸಿಗುತ್ತೆ. ಅದು ಅಪೀಲಿನ ದುಡ್ಡಲ್ವಾ ಅಕ್ಕ, ನೀವೆಲ್ಲ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು. ಒಂದು ಪೈಸೆ ಮುಟ್ಟಿಲ್ಲ."

ಮುಟ್ಟಿದ್ದರೆ, ತಿಂದು ಉಂಡು ಮುಗಿಸಿದ್ದರೆ, ನಿನ್ನೆ ಅವನು ಬಡವ ಆಗಿರುತ್ತಿದ್ದ. ಇದನ್ನು ಅವನಿಗೆ ಹೇಗೆ ಹೇಳಲಿ?

"ಇವತ್ತೇ ಸೋಪು ತಗೊಳ್ಳೋ," ಅಂದೆ. "ಒಳ್ಳೇದೇ ತಗೋ."