ಮೂರು ಪುಸ್ತಕ, ಒಂದೇ ಅಧ್ಯಾಯ

ನರರೋಗ ವಿಭಾಗದ ಮುಖ್ಯಸ್ಥರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸುತ್ತಿಗೆ ಡಾಕ್ಟರು. ಮೊಣಕಾಲಿಗೆ ಬಡಿದು ನೋಡುವ ಪುಟ್ಟ ಸುತ್ತಿಗೆ ಸದಾ ಅವರ ಜೇಬಿನಿಂದ ಇಣುಕುತ್ತಿತ್ತು. ಮಾತೂ ಹಾಗೆಯೇ, ಬಿದ್ದಲ್ಲಿ ಎದುರಿನವರು ಬೆಚ್ಚಿಬೀಳುತ್ತಿದ್ದರು. ತರಬೇತಿಗೆ ಬಂದ ಡಾಕ್ಟರುಗಳಿಗೆ ಯಾವ ಆಕರ ಗ್ರಂಥ ತರಿಸಬೇಕೆಂದು ತೀರ್ಮಾನಿಸಲು ಅವರು ಇಬ್ಬರು ಪ್ರೊಫೆಸರುಗಳನ್ನು ಸೇರಿಸಿಕೊಂಡು ಒಂದು ಸಮಿತಿ ಮಾಡಿದರು. ಪ್ರತಿ ಸಭೆಯಲ್ಲಿ ಮುಖ್ಯಸ್ಥರು ಕೈಯಲ್ಲಿ ಬರೆದುಕೊಟ್ಟ ಟಿಪ್ಪಣಿಯನ್ನು ಟೈಪ್ ಮಾಡುವ ಕೆಲಸ ಗ್ರಂಥಾಲಯ ನೋಡಿಕೊಳ್ಳುವವಳ ತಲೆಗೆ ಬಿತ್ತು.

ಕಣದಲ್ಲಿ ಮೂರು ಪುಸ್ತಕಗಳಿದ್ದವು. ಮೊದಲನೆಯದು ಎರಡು ಸಂಪುಟ, ಎತ್ತಿದವರು ಸೊಂಟ ಹಿಡಿದುಕೊಳ್ಳಬೇಕು. ಎರಡನೆಯದರ ತುಂಬ ಬಣ್ಣದ ಚಿತ್ರ. ಮೂರನೆಯದು ತೆಳ್ಳಗಿನದು, ರೋಗಿ ಬಾಗಿಲಿಗೆ ಕಾಲಿಟ್ಟ ಗಳಿಗೆಯಿಂದ ಏನೇನು ಗಮನಿಸಬೇಕೆಂದು ಹೇಳುವಂಥದ್ದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎಂದು, ಮೂರರಲ್ಲೂ ಪಾರ್ಕಿನ್ಸನ್ ಕಾಯಿಲೆಯ ಅಧ್ಯಾಯವನ್ನಷ್ಟೇ ಹೋಲಿಸುವುದೆಂದಾಯಿತು.

ತಿಂಗಳಿಗೊಂದು ಸಭೆ. ಎಂಟು ತಿಂಗಳಾದರೂ ಅಗುಳು ಬೇಯಲಿಲ್ಲ. ತರಬೇತಿಯವರಲ್ಲಿ ಕೆಲವರು ಪುಸ್ತಕವಿಲ್ಲದೆಯೇ ಪರೀಕ್ಷೆ ಮುಗಿಸಿ ಹೋಗಿಯೂ ಬಿಟ್ಟರು. ಒಬ್ಬ ಪ್ರೊಫೆಸರು ಮುಖ್ಯಸ್ಥರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರೆ, ಇನ್ನೊಬ್ಬರು ಅದಕ್ಕೆಲ್ಲ ಕೊಕ್ಕೆ ಹಾಕುತ್ತಿದ್ದರು. ಪುಟದಿಂದ ತಲೆ ಎತ್ತದಿರುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಮುಖ್ಯಸ್ಥರ ಅಕ್ಷರ ಮೊದಲ ಸಭೆಯಲ್ಲಿ ಅವರ ದನಿಯಷ್ಟೇ ದೊಡ್ಡದಿತ್ತು. ಎಂಟನೆಯ ಟಿಪ್ಪಣಿ ಓದಲು ಅವಳು ಭೂತಗನ್ನಡಿ ಹುಡುಕಬೇಕಾಯಿತು. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಲ್ಲಿ ಹೀಗಿತ್ತು: "ಕೈಬರಹ ಬರಬರುತ್ತ ಕಿರಿದಾಗುವ ಲಕ್ಷಣಕ್ಕೆ ಮೂರನೇ ಪುಸ್ತಕ ಅರ್ಧ ಪುಟ ದಂಡ ಮಾಡಿದೆ. ಇದು ಕಣ್ಣಿದ್ದವರಿಗೆಲ್ಲ ಕಾಣುವಂಥದ್ದು."

ಅವಳು ಆ ಅರ್ಧ ಪುಟವನ್ನು ತೆಗೆದು ಓದಿದಳು. ಮೊದಲ ಟಿಪ್ಪಣಿಯನ್ನು ಹುಡುಕಿ ತೆಗೆದು ಎಂಟನೆಯದರ ಪಕ್ಕದಲ್ಲಿಟ್ಟು ನೋಡಿದಳು.

ಮನೆಯಲ್ಲಿ ಗಂಡನಿಗೆ ಹೇಳಿದರೆ, ಊರ ಉಸಾಬರಿ ನಿನಗ್ಯಾಕೆ, ನರದ ಡಾಕ್ಟರಿಗೆ ನರದ ಪಾಠ ಹೇಳೋಕೆ ಹೋಗ್ತೀಯಾ ಎಂದು ನಕ್ಕ. ಮೂವತ್ತು ವರ್ಷ ಇದೇ ಕಾಯಿಲೆ ನೋಡಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವಳಿಗೂ ಅನ್ನಿಸಿತು. ಗೊತ್ತಿಲ್ಲದಿದ್ದರೆ? ಒಂದೊಂದು ತಿಂಗಳು ಸುಮ್ಮನಿದ್ದಷ್ಟೂ ಔಷಧಿ ಅಷ್ಟು ತಡ. ಹೇಳಿದರೆ ಕೆಲಸಕ್ಕೇ ಕುತ್ತು ಬರಬಹುದು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮುಂಗೋಪಿಯಾದರೂ ಆ ಮನುಷ್ಯನ ಮೇಲೆ ಅವಳಿಗೆ ಗೌರವವಿತ್ತು, ಪ್ರೀತಿಯೂ ಇತ್ತು.

ಮೂರನೆಯ ದಿನ ಎಂಟೂ ಟಿಪ್ಪಣಿಗಳನ್ನು ಹಿಡಿದು ಅವರ ಕೋಣೆಗೆ ಹೋದಳು. ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಹಿಂದೆ ಸರಿದು ನಿಂತಳು.

ಅವರು ಏನಿದು ಎಂದು ಗದರಲು ಬಾಯಿ ತೆರೆದವರು ಹಾಗೆಯೇ ನಿಂತರು. ಎಡದಿಂದ ಬಲಕ್ಕೆ ನೋಡಿದರು, ಮತ್ತೆ ನೋಡಿದರು. ಆಮೇಲೆ ಸಾವಿರಾರು ರೋಗಿಗಳಿಂದ ಮಾಡಿಸಿದ್ದನ್ನು ತಾವೇ ಮಾಡಿದರು, ಬಲಗೈಯ ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ಬಡಿದರು. ಹತ್ತು ಬಡಿತಕ್ಕೇ ಬೆರಳು ಸೋತು ನಿಧಾನವಾಯಿತು.

"ನಿಮಗೆ ಯಾವಾಗ ಗೊತ್ತಾಯ್ತಮ್ಮ?"

"ಮೊನ್ನೆ ಸರ್. ಆ ಮೂರನೇ ಪುಸ್ತಕ ಓದಿದ ಮೇಲೆ."

"ನಮ್ಮ ಪ್ರೊಫೆಸರುಗಳಿಬ್ಬರು? ಎಂಟು ತಿಂಗಳು ಪಕ್ಕದಲ್ಲೇ ಕೂತಿದ್ರಲ್ಲ."

"ಅವರು ಪುಸ್ತಕ ನೋಡ್ತಿದ್ರು ಸರ್."

ಅವರು ಕುರ್ಚಿಗೆ ಕುಸಿದು ಕೂತರು. ಅವಳ ಕಣ್ಣು ತುಂಬಿ ಬಂತು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಅವರು ಎಂಟೂ ಹಾಳೆಗಳನ್ನು ಒಟ್ಟುಮಾಡಿದರು. ಚಿಕಿತ್ಸೆಗೆ ಇವತ್ತೇ ಬೇರೆ ಆಸ್ಪತ್ರೆಯ ತಮ್ಮ ಹಳೆಯ ಗೆಳೆಯನ ಹತ್ತಿರ ಹೋಗುವುದಾಗಿ ಹೇಳಿದರು. ಸೋಮವಾರದ ತರಗತಿಗೆ ಯಾವ ರೋಗಿಯನ್ನೂ ಕರೆಸಬೇಡಿ ಎಂದರು.

"ನಾನೇ ಬಂದು ಕೂತ್ಕೋತೀನಿ. ಹುಡುಗರನ್ನ ಪುಸ್ತಕಕ್ಕೊಂದು ಗುಂಪು ಮಾಡಿ. ಯಾವ ಪುಸ್ತಕ ಓದಿದವರು ನನ್ನ ಕಾಯಿಲೆ ಮೊದಲು ಹಿಡೀತಾರೋ, ಅದನ್ನೇ ತರಿಸೋಣ."

ಅವಳು ತಲೆಯಾಡಿಸಿ ಬಾಗಿಲವರೆಗೆ ಹೋಗಿದ್ದಳು. ಅವರು ಮತ್ತೆ ಕರೆದರು.

"ಪ್ರೊಫೆಸರುಗಳಿಬ್ಬರಿಗೂ ಮುಂದಿನ ಸಾಲಲ್ಲಿ ಜಾಗ ಇಡಿ. ಪುಸ್ತಕ ಮಾತ್ರ ಕೈಗೆ ಕೊಡಬೇಡಿ."