ಮೇಜು ಬಿಟ್ಟು ಹೋದ ಹೊತ್ತು

ವಾಯುನೆಲೆಯ ಪ್ಯಾರಾಚೂಟ್ ಕೋಣೆಯಲ್ಲಿ ಮೇಲಧಿಕಾರಿಗಿಂತ ಹೆಚ್ಚಾಗಿ ಎಲ್ಲರೂ ಹೆದರುತ್ತಿದ್ದದ್ದು ಒಂದು ಕಟ್ಟಳೆಗೆ. ಮಡಿಸಲು ಶುರು ಮಾಡಿದವರು ಮುಗಿಯುವ ತನಕ ಮೇಜು ಬಿಟ್ಟು ಹೋಗಬಾರದು. ಹೋದರೋ, ಅದುವರೆಗೆ ಮಡಿಸಿದ್ದನ್ನೆಲ್ಲ ಕೊಡವಿ ಬಿಚ್ಚಿ ಮೊದಲಿನಿಂದ ಶುರು ಮಾಡಬೇಕು. ಬಿಟ್ಟು ಹೋದ ಕೈಗೆ ತಾನು ಎಲ್ಲಿ ನಿಂತಿದ್ದೆನೆಂಬುದು ಸರಿಯಾಗಿ ನೆನಪಿರುವುದಿಲ್ಲ. ಯಾವುದೋ ಒಂದು ಹಗ್ಗ ಇನ್ನೊಂದರ ಅಡಿಗೆ ಹೊರಳಿದ್ದರೆ ಅದು ಗೊತ್ತಾಗುವುದು ಆಕಾಶದಲ್ಲಿ. ಹೊಟ್ಟೆ ಕೆಟ್ಟ ದಿನ ಮೇಜಿನ ಹತ್ತಿರವೇ ಬರಬೇಡಿ ಎಂದು ಮೇಸ್ತ್ರಿ ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವನು ಮಾತ್ರ ನಗುತ್ತಿರಲಿಲ್ಲ.

ಆ ಕೋಣೆಯಲ್ಲಿ ಓರಗಿತ್ತಿಯರಿಬ್ಬರು ಅಕ್ಕಪಕ್ಕದ ಮೇಜುಗಳಲ್ಲಿ ದುಡಿಯುತ್ತಿದ್ದರು. ಅವರ ಅತ್ತೆಯೂ ಕಣ್ಣು ಮಂಜಾಗಿ ಮನೆ ಹಿಡಿಯುವ ತನಕ ಅಲ್ಲಿಯೇ ಇದ್ದವಳು. ಹಾಗಾಗಿ ಕೋಣೆಗೆಲ್ಲ ಇವರು ದೊಡ್ಡ ಸೊಸೆ, ಚಿಕ್ಕ ಸೊಸೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಮಡಿಸಿ ಮುಗಿಸಿದ ಪೊಟ್ಟಣದ ಬಾಯಿಗೆ ಹಾಕುವ, ಎಳೆದರೆ ಹರಿಯುವ ಕೊನೆಯ ಹೊಲಿಗೆಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ. ದೊಡ್ಡ ಸೊಸೆಯದು ನೀಲಿ.

ದೊಡ್ಡ ಸೊಸೆ ಕಟ್ಟಳೆ ಮುರಿದದ್ದು ಯಾವ ಘನಂದಾರಿ ಕಾರಣಕ್ಕೂ ಅಲ್ಲ. ಹೊರಗಿನ ಕೊಠಡಿಯಲ್ಲಿ ಫೋನು ಬಡಿದುಕೊಂಡಿತು, ಯಾರೋ ಬಾಗಿಲಲ್ಲಿ ತಲೆ ಹಾಕಿ "ನಿಮ್ಮ ಮಗಳು, ಅಳ್ತಿದಾಳೆ" ಎಂದರು. ಅವಳು ಹಗ್ಗಗಳು ಸರಿಯದಂತೆ ಮೇಲೆ ಭಾರದ ಚೀಲಗಳನ್ನು ಇಟ್ಟು ಓಡಿದಳು. ಮಗಳು ಅಳುತ್ತಿದ್ದದ್ದು ಮನೆಗೆ ಬೀಗ ಹಾಕಿದೆ, ಕೀಲಿಕೈ ಸಿಗುತ್ತಿಲ್ಲ ಎಂದು. ಪಕ್ಕದ ಮನೆಯಲ್ಲಿ ಇನ್ನೊಂದಿದೆ, ಹೋಗಿ ಈಸ್ಕೋ ಎಂದು ಗದರಿಸಿ ಫೋನಿಟ್ಟು ಬಂದರೆ, ಮೇಜಿನ ಮೇಲೆ ಎಲ್ಲವೂ ಬಿಟ್ಟ ಹಾಗೆಯೇ ಅಚ್ಚುಕಟ್ಟಾಗಿ ಮಲಗಿತ್ತು. ಮೇಸ್ತ್ರಿ ಇರಲಿಲ್ಲ. ಬಿಚ್ಚಲು ಮನಸ್ಸಾಗಲಿಲ್ಲ. ಬಿಟ್ಟಲ್ಲಿಂದಲೇ ಮಡಿಸಿದಳು, ನೀಲಿ ದಾರ ಹಾಕಿದಳು, ಕಪಾಟಿನಲ್ಲಿ ತನ್ನ ಉಳಿದ ಪೊಟ್ಟಣಗಳ ನಡುವೆ ಸೇರಿಸಿದಳು. ಪಕ್ಕದ ಮೇಜಿನ ಚಿಕ್ಕ ಸೊಸೆ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತನ್ನ ಕೆಲಸದಲ್ಲಿ ತಲೆ ತಗ್ಗಿಸಿದಳು.

ಮುಂದಿನ ವಾರ ತರಬೇತಿ ವಿಮಾನವೊಂದು ನೆಲೆಯ ಆಚೆಯ ಬಯಲಿಗೆ ಬಿತ್ತು. ಅದರಲ್ಲಿದ್ದವರು ಇಬ್ಬರು, ಕಲಿಸುವ ಪೈಲಟ್ ಮತ್ತು ಕಲಿಯುವ ಪೈಲಟ್. ಇಬ್ಬರೂ ಹಾರಿದ್ದರು. ಕಲಿಯುವವನ ಪ್ಯಾರಾಚೂಟ್ ತೆರೆಯಿತು, ತೋಳು ಮುರಿದುಕೊಂಡು ಬದುಕಿದ. ಅವನನ್ನು ಮೊದಲು ಹಾರಿಸಿ ಕೊನೆಗೆ ಹಾರಿದ ಕಲಿಸುವವನ ಬೆನ್ನಿನ ಪೊಟ್ಟಣ ಮುಚ್ಚಿಕೊಂಡೇ ಇತ್ತು. ಎರಡಕ್ಕೂ ನೀಲಿ ದಾರ.

ಹಾರುವಾಗ ವಿಮಾನದ ಬಾಲ ತಲೆಗೆ ಬಡಿದು ಎಚ್ಚರ ತಪ್ಪಿರಬೇಕು, ಪೊಟ್ಟಣ ತೆರೆಯುವ ಹಿಡಿಯನ್ನೇ ಎಳೆದಿಲ್ಲ ಎಂದರು ಡಾಕ್ಟರು. ಎಳೆದಿದ್ದಾನೆ, ಸಿಕ್ಕಿಕೊಂಡಿದೆ ಎಂದರು ಇನ್ನು ಕೆಲವರು. ಕ್ಯಾಂಟೀನಿನಲ್ಲಿ ಬಾಯಿಗೊಂದು ಮಾತು. ದೊಡ್ಡ ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮೇಜು ಬಿಟ್ಟು ಹೋದಾಗ ಮಡಿಸುತ್ತಿದ್ದದ್ದು ಯಾವುದು? ಬದುಕಿದವನದೋ, ಸತ್ತವನದೋ, ಅಥವಾ ಕಪಾಟಿನಲ್ಲಿ ಇನ್ನೂ ಕೂತಿರುವ ಬೇರೊಂದೋ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಕಪಾಟಿನ ಪೊಟ್ಟಣಗಳನ್ನು ಮಾತ್ರ ಅವಳು ಬಿಡಲಿಲ್ಲ. ಸುದ್ದಿ ಬಂದ ದಿನವೇ, ದಾರ ಸಡಿಲ ಕಂಡಿತೆಂದು ಮೇಸ್ತ್ರಿಗೆ ಸುಳ್ಳು ಹೇಳಿ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸಿದಳು. ಎಲ್ಲೂ ಒಂದು ಹಗ್ಗವೂ ಹೊರಳಿರಲಿಲ್ಲ. ಹೊರಳಿದ ಹಗ್ಗವೊಂದು ಇದ್ದರೆ ಅದು ಸತ್ತವನ ಪೊಟ್ಟಣದಲ್ಲೇ ಇರಬೇಕು. ಅಲ್ಲಿಗೆ ಅವಳ ಸಂಕಟ ಇಮ್ಮಡಿಯಾಯಿತು.

"ಅಕ್ಕಾ, ಬಾಯಿಗೆ ಬೀಗ ಹಾಕ್ಕೊಂಡಿರು," ಎಂದಳು ಚಿಕ್ಕ ಸೊಸೆ, ಮನೆಯ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ. "ನೋಡಿದವಳು ನಾನೊಬ್ಳೇ. ನಾನೇನು ಊರಿಗೆಲ್ಲ ಡಂಗುರ ಹೊಡೀತೀನಾ?"

"ಸತ್ತವರಿಗೆ ಗೊತ್ತು ಕಣೇ."

"ಸತ್ತವರು ಸಾಕ್ಷಿ ಹೇಳೋಕೆ ಬರಲ್ಲ. ನಿನ್ನ ಗಂಡನ ಕೆಲಸ ಹೋಗಿ ಎಷ್ಟು ದಿನ ಆಯ್ತು ಅಂತ ನೆನಪಿದೆಯಾ? ಮಗಳ ಓದು ಯಾರು ನೋಡ್ತಾರೆ, ನಾನಾ?"

ಆ ಮಾತಿನಲ್ಲಿ ಮಮತೆಯೂ ಇತ್ತು, ಕೊಂಚ ಕೊಂಕೂ ಇತ್ತು. ಓರಗಿತ್ತಿಯರ ಮಾತು ಎಲ್ಲಾದರೂ ಒಂದೇ ರುಚಿಯಲ್ಲಿ ಇರುತ್ತದೆಯೇ?

ಇದರ ಮೇಲೆ ಬದುಕಿದವನು ಬಂದ. ಆ ಕೋಣೆಯಲ್ಲಿ ಒಂದು ರೂಢಿಯಿತ್ತು. ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರು ತಾವು ಎಳೆದ ಕೆಂಪು ಹಿಡಿಯನ್ನು ತಂದು, ಮಡಿಸಿದವರ ಎರಡೂ ಕೈ ಹಿಡಿದು, ಅದನ್ನು ಅವರಿಂದಲೇ ಗೋಡೆಯ ಮೊಳೆಗೆ ತೂಗುಹಾಕಿಸಬೇಕು. ತೋಳಿಗೆ ಪ್ಲಾಸ್ಟರ್ ಕಟ್ಟಿಕೊಂಡಿದ್ದ ಅವನಿಗೆ ಹಿಡಿಯಲು ಇದ್ದದ್ದು ಒಂದೇ ಕೈ. ಅದರಿಂದಲೇ ದೊಡ್ಡ ಸೊಸೆಯ ಎರಡೂ ಕೈಗಳನ್ನು ಬಾಚಿ ಹಿಡಿದು, "ಈ ಕೈ ಇಲ್ದೆ ಇದ್ದಿದ್ರೆ ನಮ್ಮಮ್ಮ ಇವತ್ತು..." ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಡಿಯನ್ನು ಮೊಳೆಗೆ ಸಿಕ್ಕಿಸಿದಳು. ಸಿಕ್ಕಿಸುವಾಗ ತನ್ನ ಕೈಗಳ ಮೇಲೆ ತನಗೇ ಹೇಸಿಗೆಯಾಯಿತು. ಆಮೇಲೆ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದಳು.

ಸತ್ತವನ ಪೊಟ್ಟಣವನ್ನು ಎಲ್ಲರೆದುರು ಎಳೆದು ನೋಡುವುದೆಂದು ತೀರ್ಮಾನವಾಯಿತು. ಮಡಿಸಿದವರೇ ಎಳೆಯಬೇಕು. ಮಧ್ಯಾಹ್ನ, ಕೋಣೆಯ ನಡುವಿನ ಉದ್ದನೆಯ ಮೇಜಿನ ಮೇಲೆ ಅದನ್ನು ತಂದಿಟ್ಟರು. ಒಂದು ಮೂಲೆಗೆ ಮಣ್ಣು ಮೆತ್ತಿತ್ತು. ತನಿಖೆಗೆ ಬಂದ ಅಧಿಕಾರಿ, ಮೇಸ್ತ್ರಿ, ಕೆಲಸದವರೆಲ್ಲ ಸುತ್ತ ನಿಂತರು. ಅಧಿಕಾರಿಯ ಪಕ್ಕದಲ್ಲಿ ಒಬ್ಬ ಮುದುಕ. ಇಸ್ತ್ರಿ ಹಾಕಿದ ಅಂಗಿ, ಕುತ್ತಿಗೆಯ ತನಕ ಗುಂಡಿ. ಸತ್ತವನ ಅಪ್ಪ, ತಾನೂ ನೋಡಲೇಬೇಕೆಂದು ಹಟ ಹಿಡಿದು ಬಂದಿದ್ದ.

"ಹೂಂ, ಎಳೀಮ್ಮ," ಎಂದ ಅಧಿಕಾರಿ.

ದೊಡ್ಡ ಸೊಸೆ ಹಿಡಿಗೆ ಕೈ ಹಾಕಿದಳು. ತೆರೆಯದಿದ್ದರೆ ಕೊಂದವಳು ತಾನೇ, ಬಚ್ಚಿಡಲು ಏನೂ ಉಳಿಯುವುದಿಲ್ಲ. ತೆರೆದರೆ? ತೆರೆದರೆ ಯಾರೂ ಏನೂ ಕೇಳುವುದಿಲ್ಲ. ಸಂಜೆ ಮನೆಗೆ ಹೋಗಿ ಅಡುಗೆ ಮಾಡಬಹುದು, ನಾಳೆ ಇದೇ ಮೇಜಿಗೆ ಬರಬಹುದು, ಮಗಳ ಓದು ಮುಂದುವರಿಯಬಹುದು. ಆ ಸುಖ ಕಣ್ಣ ಮುಂದೆ ಬಂದದ್ದೇ ಅವಳಿಗೆ ತಡೆಯಲಾಗದಷ್ಟು ನಾಚಿಕೆಯಾಯಿತು. ಹಿಡಿಯಿಂದ ಕೈ ತೆಗೆದಳು.

"ಸಾರ್, ಎಳೆಯೋಕೆ ಮುಂಚೆ ಒಂದು ಮಾತು ಹೇಳ್ಬೇಕು. ಎಳೆದ ಮೇಲೆ ನಂಗೆ ಹೇಳೋಕೆ ಮನಸ್ಸು ಬರಲ್ಲ."

ಚಿಕ್ಕ ಸೊಸೆ ಹಿಂದಿನಿಂದ ಸೆರಗು ಜಗ್ಗಿದಳು. ದೊಡ್ಡ ಸೊಸೆ ಸೆರಗು ಬಿಡಿಸಿಕೊಂಡಳು.

"ವಿಮಾನ ಬೀಳೋಕೆ ಹಿಂದಿನ ವಾರ ಒಂದನ್ನ ಮಡಿಸ್ತಾ ಮಡಿಸ್ತಾ ನಾನು ಮೇಜು ಬಿಟ್ಟು ಹೋದೆ. ಮಗಳ ಫೋನ್ ಬಂದಿತ್ತು. ವಾಪಸ್ ಬಂದು ಬಿಚ್ಚಲಿಲ್ಲ, ಹಾಗೇ ಮುಂದುವರಿಸಿದೆ. ಅದು ಇದೇ ಇರಬಹುದು, ಇಲ್ದೇನೂ ಇರಬಹುದು. ನಂಗೆ ಗೊತ್ತಿಲ್ಲ. ಕಪಾಟಲ್ಲಿದ್ದದ್ದನ್ನೆಲ್ಲ ಆಮೇಲೆ ಬಿಚ್ಚಿ ನೋಡ್ದೆ, ಮೇಸ್ತ್ರಿಗೆ ಸುಳ್ಳು ಹೇಳಿ."

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ಪಾಪಿ," ಎಂದ. ಬೈದನೋ ಮರುಗಿದನೋ ತಿಳಿಯಲಿಲ್ಲ. ಅಧಿಕಾರಿ ಮುದುಕನ ಕಡೆ ತಿರುಗಿದ. ಮುದುಕ ಎರಡು ಹೆಜ್ಜೆ ಮುಂದೆ ಬಂದು ಮೇಜಿನ ಆಚೆ ಬದಿ ನಿಂತು ಅವಳನ್ನೇ ನೋಡತೊಡಗಿದ. ಅವನ ಕಣ್ಣುಗಳಿಗೆ ಆಗಷ್ಟೇ ಜೀವ ಬಂದ ಹಾಗಿತ್ತು.

"ಎಳಿ," ಎಂದ ಮುದುಕ.

ಅವಳು ಎಳೆದಳು.

ಪೊಟ್ಟಣ ಫಟ್ಟೆಂದು ಬಾಯಿ ಬಿಟ್ಟಿತು. ಬಿಳಿ ಬಟ್ಟೆ ಉಕ್ಕಿ ಮೇಜು ತುಂಬಿ, ಅಂಚು ದಾಟಿ ನೆಲಕ್ಕೆ ಜಾರಿತು. ಮೇಸ್ತ್ರಿ ಹಗ್ಗಗಳನ್ನು ಒಂದೊಂದಾಗಿ ಬೆರಳ ಸಂದಿಯಲ್ಲಿ ಹಾಯಿಸಿ ತುದಿಯ ತನಕ ನೋಡಿದ. ಒಂದೂ ಹೊರಳಿರಲಿಲ್ಲ, ಒಂದೂ ಸಿಕ್ಕಾಗಿರಲಿಲ್ಲ.

"ಪೊಟ್ಟಣದ್ದೇನೂ ತಪ್ಪಿಲ್ಲ ಸಾರ್. ಎಳೆದಿದ್ರೆ ತೆರ್ಕೊಳ್ತಿತ್ತು."

ದೊಡ್ಡ ಸೊಸೆಯ ಬಾಯಿಂದ ಒಂದು ಉಸಿರು ಹೊರಬಿತ್ತು. ಇಡೀ ಕೋಣೆಗೆ ಕೇಳಿಸುವಷ್ಟು ಜೋರಾಗಿತ್ತು, ಅದರಲ್ಲಿ ಸಂತೋಷವಿತ್ತು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳಾದರೂ ಮುದುಕ ಕೇಳಿಸಿಕೊಂಡಾಗಿತ್ತು. ಅವನು ನೆಲಕ್ಕೆ ಜಾರಿದ ಬಟ್ಟೆಯ ಅಂಚನ್ನು ಬಗ್ಗಿ ಹಿಡಿದುಕೊಂಡು, ಅಲ್ಲಿಯೇ ಮೇಜಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

ಅಧಿಕಾರಿ ಅವಳತ್ತ ತಿರುಗಿ ಗಂಟಲು ಸರಿಮಾಡಿಕೊಂಡ. ಇದು ತೆರೆಯಿತೆಂದ ಮಾತ್ರಕ್ಕೆ ಕಟ್ಟಳೆ ಮುರಿದದ್ದು ಸುಳ್ಳಾಗುವುದಿಲ್ಲ, ನಾಳೆಯಿಂದ ಮೇಜಿನ ಹತ್ತಿರ ಬರುವಂತಿಲ್ಲ, ಉಳಿದದ್ದು ಆಮೇಲೆ ತಿಳಿಸುತ್ತೇವೆ ಎಂದ. ಅವಳು ತಲೆಯಾಡಿಸಿದಳು. ಚಿಕ್ಕ ಸೊಸೆ ಮೂಗೊರೆಸಿಕೊಳ್ಳುತ್ತ, "ಬಡ್ಕೊಂಡೆ, ಕೇಳಿದ್ಲಾ?" ಎಂದು ಗೋಡೆಗೆ ಹೇಳಿದಳು. ಜನ ಒಬ್ಬೊಬ್ಬರಾಗಿ ಕರಗಿದರು.

ಮುದುಕ ಏಳಲಿಲ್ಲ. ದೊಡ್ಡ ಸೊಸೆ ಹೋಗಿ ಅವನೆದುರು ಕೂತಳು.

"ಬೈಯಿರಿ ಅಪ್ಪಾಜಿ," ಎಂದಳು. "ಏನು ಬೇಕಾದ್ರೂ ಬೈಯಿರಿ."

"ಬೈಯೋಣ ಅಂತಾನೇ ಇದ್ದೆ ಕಣಮ್ಮ. ನೀನು ಆ ಮಾತು ಹೇಳಿದಾಗ, ಸದ್ಯ, ಬೈಯೋಕೆ ಒಬ್ರು ಸಿಕ್ಕಿದ್ರು ಅಂದ್ಕೊಂಡೆ." ಅವನು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ. "ನಾನು ಬಾಯಿ ತೆಗೆಯೋದ್ರೊಳಗೆ ಇದು ತೆರ್ಕೊಂಡ್ಬಿಡ್ತು. ಇಷ್ಟು ಚೆನ್ನಾಗಿ ಮಡಿಸ್ಬಾರ್ದಿತ್ತು ನೀನು."

ತನ್ನ ಉಸಿರಿನ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು. ತಪ್ಪಿಗೆ ಶಿಕ್ಷೆ ಸಿಕ್ಕಿತ್ತು. ಆ ಸಂತೋಷಕ್ಕೆ ಯಾರು ಶಿಕ್ಷೆ ಕೊಡುತ್ತಾರೆ?

"ಮಗಳು ಯಾಕೆ ಫೋನ್ ಮಾಡಿದ್ಲು?" ಎಂದು ಕೇಳಿದ ಮುದುಕ.

"ಮನೆಗೆ ಬೀಗ ಹಾಕಿತ್ತು. ಕೀಲಿಕೈ ಇಲ್ಲ ಅಂತ ಅಳ್ತಿದ್ಲು."

"ಆಮೇಲೆ?"

"ಪಕ್ಕದ ಮನೇಲಿ ಇನ್ನೊಂದಿತ್ತು. ತಗೊಂಡ್ಲು."

"ಮನೆ ಒಳಗೆ ಹೋದ್ಲಾ?"

"ಹೋದ್ಲು ಅಪ್ಪಾಜಿ."

"ಹೋದ್ಲಲ್ಲ," ಎಂದ ಮುದುಕ. ಆಮೇಲೆ ಮೇಜಿನ ಕಾಲು ಹಿಡಿದುಕೊಂಡು ಏಳಲು ನೋಡಿದ, ಆಗಲಿಲ್ಲ. ದೊಡ್ಡ ಸೊಸೆ ತನ್ನ ಕೈ ಮುಂದೆ ಚಾಚಿದಳು. ಅವನು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹಿಡಿದುಕೊಂಡು ಎದ್ದ.